ಭಾನುವಾರದ ಸೊನ್ನೆ

ಊರಿನ ಜನ ಬೆಳಗ್ಗೆ ಎದ್ದು ಫ್ಲಶ್ ಒತ್ತಿದರೆ ಅವರ ಪಾಲಿಗೆ ಅಲ್ಲಿಗೆ ಮುಗಿಯಿತು. ಒತ್ತಿದ್ದು ಎಲ್ಲಿಗೆ ಹೋಯಿತು ಅಂತ ತಿರುಗಿ ನೋಡುವ ಉಸಾಬರಿ ಯಾರಿಗೂ ಇಲ್ಲ. ಅದನ್ನು ನೋಡಿಕೊಳ್ಳಲು ಏಳು ಜನ ಇದ್ದರು, ಊರಾಚೆ, ನದಿಯ ದಂಡೆಯ ಮೇಲೆ, ಕೊಳಚೆ ಶುದ್ಧಿ ಮಾಡುವ ಘಟಕದ ತಗಡಿನ ಗೇಟಿನೊಳಗೆ. ಆ ಏಳರಲ್ಲಿ ಒಬ್ಬ ಸತ್ತು ಈ ಬುಧವಾರಕ್ಕೆ ಎರಡು ವಾರಕ್ಕೆ ಒಂದೇ ದಿನ ಕಡಿಮೆ.

ಸತ್ತವನು ಪಂಪಿನವನು. ಜಾಡಿಗೆ ಅವನು ಭಾವ, ಹೆಂಡತಿಯ ಸ್ವಂತ ಅಣ್ಣ.

ಜಾಡಿ ಎನ್ನುವ ಅಡ್ಡಹೆಸರು ಇಟ್ಟವನೂ ಅವನೇ. ದಿನಕ್ಕೆರಡು ಸಲ ಗಾಳಿ ತೊಟ್ಟಿಯ ಕಂದು ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ, ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಕೆಸರು ಯಾವ ಗೆರೆಗೆ ಕೂತಿತು ಅಂತ ಪುಸ್ತಕದಲ್ಲಿ ಬರೆಯುವುದು ಇವನ ಕೆಲಸ. ಮುನ್ನೂರರ ಗೆರೆಗೆ ಕೂತರೆ ಒಳ್ಳೆಯದು, ಮೇಲಿನ ನೀರು ತಿಳಿ. ಕೆಸರು ಕೂರದೆ ಉಬ್ಬಿಕೊಂಡು ಮೇಲೆ ಬಂದರೆ ಅದು ತೊಟ್ಟಿಯ ಅಂಚು ದಾಟಿ ನದಿಗೆ ಹೋಗುತ್ತದೆ, ನದಿಯಿಂದ ಕೆಳಗಿನ ಊರಿನ ನಲ್ಲಿಗೆ. ಕೆಳಗಿನ ಊರಿನವರಿಗೆ ಜಾಡಿ ಯಾರು ಅಂತ ಗೊತ್ತಿಲ್ಲ. ಗೊತ್ತಾಗಬಾರದು ಕೂಡ. ಗೊತ್ತಾಯಿತು ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಅವತ್ತು ಬೆಳಗ್ಗೆ ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾ ಕೇಳಿದಳು.

"ಇವತ್ತು ವಿಚಾರಣೆಯವರು ಬರ್ತಾರಂತೆ, ಹೌದಾ?"

"ಹೂಂ."

"ಅಣ್ಣನಿಗೆ ಎದೆ ಕಾಯಿಲೆ ಇತ್ತು, ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರ್ತಿದ್ದ ಅಂತ ನಿಮ್ಮ ಇಂಜಿನಿಯರ್ ಬರೆದು ಕೊಟ್ಟಿದ್ದಾರಂತೆ."

"ಯಾರು ಹೇಳಿದ್ದು?"

"ಯಾರೋ ಹೇಳಿದ್ರು. ಇತ್ತೇನ್ರೀ ಕಾಯಿಲೆ?"

ಜಾಡಿ ಚಪ್ಪಲಿ ಮೆಟ್ಟಿಕೊಂಡ. ಅವಳು ಡಬ್ಬಿ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು.

"ಎದೆ ಕಾಯಿಲೆಯವನು ಆ ಥರ ಶಿಳ್ಳೆ ಹೊಡೀತಾನಾ? ಮೂಲೆ ಮನೆ ತಿರುವಿನಲ್ಲಿ ಶಿಳ್ಳೆ ಹೊಡೆದ್ರೆ ಇಲ್ಲಿ ಒಲೆ ಮುಂದೆ ನನಗೆ ಕೇಳಿಸ್ತಿತ್ತು."

ಅವನು ಡಬ್ಬಿ ತೆಗೆದುಕೊಂಡು ಹೊರಟ. ಮೊದಲಾಗಿದ್ದರೆ ಸಂಜೆ ಅವನು ಬಾಗಿಲಿಗೆ ಬರುವ ಮೊದಲೇ ಒಳಗಿನಿಂದ "ನಾತ ಬಂತು, ಹಿಂದೇನೇ ಗಂಡ ಬರ್ತಾರೆ" ಅಂತ ಕೂಗುತ್ತಿದ್ದಳು. ಪಕ್ಕದ ಮನೆಯವರೆಲ್ಲ ನಗುತ್ತಿದ್ದರು. ಈಗ ಆ ಮಾತಿಲ್ಲ. ಇವನಿಗೆ ನಾತವೂ ಇಲ್ಲ. ಭಾವ ಸತ್ತ ಆ ಗುರುವಾರದಿಂದ ಅವನ ಮೂಗಿಗೆ ಏನೂ ಹತ್ತುತ್ತಿರಲಿಲ್ಲ. ಸೋಪು, ಸೀಮೆಎಣ್ಣೆ, ಡಬ್ಬಿಯ ಊಟ, ಎಲ್ಲಾ ಒಂದೇ. ಹೊಟ್ಟೆಗೆ ಹಾಕಬೇಕು, ಹಾಕುತ್ತಿದ್ದ. ಅಳು ಬರುತ್ತದೇನೋ ಅಂತ ಮೊದಲ ಎರಡು ದಿನ ಕಾದಿದ್ದ. ಅದೂ ಬರಲಿಲ್ಲ. ಕಾಯುವುದನ್ನು ಬಿಟ್ಟ.

ಗೇಟಿನ ಬಳಿ ಬ್ಲೋವರ್ ತಾತ ಬೀಡಿ ಸೇದುತ್ತಾ ನಿಂತಿದ್ದ. ಗಾಳಿ ತೊಟ್ಟಿಗೆ ಗಾಳಿ ಊದುವ ಯಂತ್ರಗಳ ಪಕ್ಕ ಇಪ್ಪತ್ತೆರಡು ವರ್ಷ ಕೂತು ಅವನ ಕಿವಿ ಅರ್ಧಕ್ಕರ್ಧ ಹೋಗಿತ್ತು. ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳುತ್ತಿದ್ದ.

"ನಮ್ಮ ಸಾಹೇಬ ಬಂದ ಕಣೋ! ಇಸ್ತ್ರಿ ಅಂಗಿ! ತಲೆಗೆ ಎಣ್ಣೆ ಬೇರೆ! ಮದುವೆ ಗಂಡು ಇದ್ದ ಹಾಗಿದ್ದಾನೆ!"

"ಮೆಲ್ಲಗೆ ತಾತ."

"ಮೆಲ್ಲಗೇ ಹೇಳ್ತಿದ್ದೀನಲ್ಲ!"

ಆಫೀಸಿನ ಕಿಟಕಿಯಲ್ಲಿ ಇಂಜಿನಿಯರನ ತಲೆ ಕಾಣಿಸಿಕೊಂಡು ಮಾಯವಾಯಿತು.

ಆ ಗುರುವಾರ ನಡೆದದ್ದು ಇಷ್ಟು. ಊರಿನ ಕೊಳಚೆಯೆಲ್ಲ ಮೊದಲು ಬಂದು ಬೀಳುವುದು ಒಂದು ಆಳವಾದ ಬಾವಿಗೆ. ಅಲ್ಲಿಂದ ಪಂಪು ಮೇಲೆತ್ತಬೇಕು. ಬೆಳಗ್ಗೆ ಹತ್ತಕ್ಕೆ ಪಂಪಿನ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್, ಏನೇನೋ ಸುತ್ತಿಕೊಂಡು ನಿಂತುಹೋಯಿತು. ಬಾವಿಯ ಗೋಡೆಯ ಮೇಲೆ ಒಂದು ಕೆಂಪು ಗೆರೆ ಇದೆ. ನೀರು ಅಲ್ಲಿಗೆ ಮುಟ್ಟಿದರೆ ಪಕ್ಕದ ಗೇಟು ತೆಗೆಯಬೇಕು. ತೆಗೆದರೆ ಊರಿನ ಹೊಲಸೆಲ್ಲ ಹಸಿಹಸಿಯಾಗಿ ನೇರ ನದಿಗೆ. ಒಂಬತ್ತು ವರ್ಷದಲ್ಲಿ ಭಾವ ಆ ಗೇಟು ತೆಗೆದದ್ದು ಎರಡೇ ಸಲ. ಎರಡು ಸಲವೂ ಮೂರು ದಿನ ಯಾರೊಂದಿಗೂ ಮಾತಾಡಿರಲಿಲ್ಲ. ದಿನಾ ಕೆಲಸ ಮುಗಿದ ಮೇಲೆ ತಿಳಿ ನೀರು ನದಿಗಿಳಿಯುವ ಮೆಟ್ಟಿಲ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. "ನೋಡೋ ನಮ್ಮ ಫ್ಯಾಕ್ಟರಿ ಮಾಲು. ಮೀನು ಬಂದು ಬಾಯಿ ಹಾಕ್ತಿದೆ. ಮೀನಿಗಿಂತ ದೊಡ್ಡ ಇನ್ಸ್‌ಪೆಕ್ಟರ್ ಯಾರಿದ್ದಾರೆ?"

ಅವತ್ತು ನೀರು ಕೆಂಪು ಗೆರೆಯ ಹತ್ತಿರ ಬಂದಾಗ ಭಾವ ಇಂಜಿನಿಯರಿಗೆ ಫೋನು ಮಾಡಿದ. "ಗೇಟ್ ತೆಗೀಬೇಡಿ, ನಾಳೆ ಮೇಲಿನವರು ನದಿ ನೋಡೋಕೆ ಬರ್ತಿದ್ದಾರೆ. ಏನಾದ್ರೂ ಮಾಡಿ" ಅಂದ ಆ ಕಡೆಯವನು, ಫೋನು ಇಟ್ಟ.

ಏನಾದರೂ ಅಂದರೆ ಏನು ಅಂತ ಬಾವಿಯ ಬಾಯಲ್ಲಿ ನಿಂತವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಭಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿ ಜಾಡಿಯ ಕೈಯಲ್ಲಿ.

ಬ್ಲೋವರ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಒಂದು ರೂಢಿ. ಕೆಳಗಿಳಿದವನು ಶಿಳ್ಳೆ ಹೊಡೆಯುತ್ತಲೇ ಇರಬೇಕು. ಶಿಳ್ಳೆ ಇದೆ ಅಂದರೆ ಆಳು ಇದ್ದಾನೆ. ಇನ್ನೊಂದು ಮಾತನ್ನೂ ಜಾಡಿ ಕೆಲಸಕ್ಕೆ ಸೇರಿದ ದಿನವೇ ಭಾವ ಹೇಳಿಕೊಟ್ಟಿದ್ದ. "ಕೊಳೆತ ಮೊಟ್ಟೆ ವಾಸನೆ ಬರ್ತಿದೆಯಾ, ಬದುಕಿದ್ದೀಯ ಅಂತ ತಿಳ್ಕೋ. ಇದ್ದಕ್ಕಿದ್ದ ಹಾಗೆ ವಾಸನೆ ನಿಂತಿತಾ, ಖುಷಿಪಡಬೇಡ, ಓಡು. ಗ್ಯಾಸು ಜಾಸ್ತಿಯಾದ್ರೆ ಮೊದಲು ಸಾಯೋದು ಮೂಗು." ಬಾವಿಯೊಳಗೆ, ಹಗ್ಗ ಕಟ್ಟಿಕೊಂಡು, ಎಲ್ಲಿಗೆ ಓಡುವುದು ಅಂತ ಹೇಳಿಕೊಟ್ಟಿರಲಿಲ್ಲ.

ಶಿಳ್ಳೆ ನಡುವಿನಲ್ಲಿ ಕತ್ತರಿಸಿದ ಹಾಗೆ ನಿಂತಿತು. ಉಗುಳುತ್ತಿರಬೇಕು ಅಂದುಕೊಂಡ ಜಾಡಿ. ಮೂರು ಎಣಿಸುವಷ್ಟು ಹೊತ್ತು. ಆಮೇಲೆ ಎಳೆದ. ಒಬ್ಬನಿಂದ ಆಗಲಿಲ್ಲ. ತಾತನ ಕಿವಿಗೆ ಕೂಗು ತಡವಾಗಿ ಬಿತ್ತು. ತಾತ ಬಂದು, ಇನ್ನಿಬ್ಬರು ಬಂದು, ಮೇಲೆ ತರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಪಂಪಿನ ಬಾಯಿ ಮಾತ್ರ ಅರ್ಧಕ್ಕಿಂತ ಹೆಚ್ಚು ಬಿಡಿಸಿಯೇ ಬಿಟ್ಟಿದ್ದ. ಗುಂಡಿ ಒತ್ತಿದರೆ ಪಂಪು ತಿರುಗಿತು. ಗೇಟು ತೆಗೆಯಲಿಲ್ಲ. ಮರುದಿನ ಮೇಲಿನವರು ಬಂದು ನದಿ ನೋಡಿ, ಚೆನ್ನಾಗಿದೆ ಅಂತ ಹೇಳಿಹೋದರಂತೆ.

ಇನ್ನು ಪುಸ್ತಕದ ವಿಷಯ.

ದಿನಕ್ಕೊಂದು ಪುಟ. ಪಂಪು ಎಷ್ಟು ಗಂಟೆ ಓಡಿತು, ಜಾಡಿ ಎಷ್ಟಕ್ಕೆ ಕೂತಿತು, ಬಾವಿಯಲ್ಲಿ ಗ್ಯಾಸು ಎಷ್ಟು, ಕೆಳಗೆ ಇಂಜಿನಿಯರನ ಸಹಿ. ನಾಲ್ಕು ವರ್ಷದ ಹಿಂದೆ ಒಂದು ದಿನ ಇಂಜಿನಿಯರ್ ಪುಸ್ತಕ ತೆರೆದವನು ಹಾವು ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡಿದ್ದ. ಪುಟದ ತುಂಬ ಕಂದು ಬೆರಳಚ್ಚು. "ಇದನ್ನ ಯಾವ ಮನುಷ್ಯ ಮುಟ್ತಾನೆ?" ಅಂತ ಪುಸ್ತಕವನ್ನು ಬಾಗಿಲಾಚೆ ಎಸೆದ. ಮಾರನೆಯ ದಿನ ಭಾವನೇ ದಾರಿ ಹುಡುಕಿದ. ಭಾನುವಾರ ರಜೆ ಮುಗಿಸಿ ಬಂದ ಸೋಮವಾರ ಬೆಳಗ್ಗೆ ಕೈ ಚೊಕ್ಕಟವಾಗಿರುತ್ತದೆ, ಉಗುರು ಬೆಳ್ಳಗಿರುತ್ತದೆ. ಏನನ್ನೂ ಮುಟ್ಟುವ ಮೊದಲು ಇಡೀ ವಾರದ್ದು ಬರೆದುಬಿಡುವುದು. ಏಳು ಪುಟ. ಪಂಪು ಹದಿನೆಂಟು, ಜಾಡಿ ಮುನ್ನೂರು, ಗ್ಯಾಸು ಸೊನ್ನೆ. ಇಂಜಿನಿಯರಿಗೂ ಆರಾಮ. ಏಳು ಸಹಿ ಒಂದೇ ಸಲಕ್ಕೆ, ಹಸಿರು ಪೆನ್ನಿನಲ್ಲಿ, ಶುಭ್ರವಾದ ಹಾಳೆಯ ಮೇಲೆ. "ಈಗ ನೋಡ್ರಪ್ಪಾ, ಪುಸ್ತಕ ಅಂದ್ರೆ ಹೀಗಿರಬೇಕು" ಅಂದಿದ್ದ. ಗ್ಯಾಸು ಅಳೆಯುವ ಹಳದಿ ಮೀಟರು ಅವನ ಬೀರುವಿನಲ್ಲೇ ಇತ್ತು. ಅದರ ಬ್ಯಾಟರಿ ಸತ್ತು ಎಂಟು ತಿಂಗಳು.

ಹಾಗಾಗಿ ಭಾವ ಸತ್ತ ಗುರುವಾರದ ಪುಟದಲ್ಲಿ ಗ್ಯಾಸು ಸೊನ್ನೆ. ಬರೆದದ್ದು ಜಾಡಿ, ಮೂರು ದಿನ ಮುಂಚೆ. ಈಗ ಆ ಸೊನ್ನೆಯೇ ಸಾಕ್ಷಿ. ಗ್ಯಾಸು ಇರಲಿಲ್ಲ ಅಂದ ಮೇಲೆ ಸತ್ತದ್ದು ಎದೆ ಕಾಯಿಲೆಯಿಂದ. ಆ ಲೆಕ್ಕದಲ್ಲಿ ಬಾವಿಯದ್ದು ತಪ್ಪಿಲ್ಲ, ಮೀಟರಿನದ್ದು ತಪ್ಪಿಲ್ಲ, ಫೋನು ಇಟ್ಟವನದ್ದೂ ತಪ್ಪಿಲ್ಲ. ಸತ್ತವನದ್ದೇ ಎಲ್ಲ.

ಹನ್ನೊಂದಕ್ಕೆ ಅಧಿಕಾರಿ ಬರುವುದಿತ್ತು. ಹತ್ತೂವರೆಗೆ ಇಂಜಿನಿಯರ್ ಜಾಡಿಯನ್ನು ಕರೆದು ಕುರ್ಚಿ ತೋರಿಸಿದ. ಏಳು ವರ್ಷದಲ್ಲಿ ಕುರ್ಚಿ ತೋರಿಸಿದ್ದು ಅದೇ ಮೊದಲು.

"ನೋಡಪ್ಪಾ, ಕೇಳೋದು ಎರಡೇ ಮಾತು. ಅಕ್ಷರ ನಿಂದಾ ಅಂತಾರೆ, ನಂದು ಅನ್ನು. ಅದು ನಿಜ ತಾನೇ? ಮೀಟರ್ ನೋಡಿ ಬರೆದ್ಯಾ ಅಂತಾರೆ, ನೋಡಿ ಬರೆದೆ ಅನ್ನು. ಮುಗೀತು, ಎದ್ದು ಹೋಗು."

"ಹೂಂ ಸಾರ್."

"ಬೇರೆ ಏನಾದ್ರೂ ಅಂದ್ರೆ ಮೊದಲು ಹೋಗೋದು ನಿನ್ನ ಕೆಲಸ. ಬರೆದವನು ನೀನು. ಮನೇಲಿ ಹೆಂಡತಿಗೆ ಏನಂತ ಹೇಳ್ತೀಯ? ನಿಮ್ಮಣ್ಣನ ಸೊನ್ನೆ ನಾನೇ ಬರೆದಿದ್ದು ಅಂತೀಯಾ?"

ಜಾಡಿ ಕುರ್ಚಿಯ ಹಿಡಿಯ ಕಿತ್ತುಹೋದ ರೆಕ್ಸಿನ್ ನೋಡುತ್ತಿದ್ದ.

"ಪಂಪಿನ ಬಾಯಲ್ಲಿ ಇನ್ನೂ ಒಂದಿಷ್ಟು ಉಳ್ಕೊಂಡಿದೆ. ಇವತ್ತಿಂದು ಕಳೀಲಿ, ಶುಕ್ರವಾರ ನೀನೇ ಇಳಿದು ತೆಗೆದುಬಿಡು. ನಿನಗೆ ಜಾಗ ಗೊತ್ತಲ್ಲ."

"ಹೂಂ ಸಾರ್" ಅಂದ ಜಾಡಿ. ಭಯವಾಗಬೇಕಿತ್ತು. ಆಗಲಿಲ್ಲ. ಶುಕ್ರವಾರ ಹಗ್ಗ ಯಾರು ಹಿಡಿಯುತ್ತಾರೆ ಅಂತಷ್ಟೇ ಯೋಚಿಸಿದ. ತಾತ ಹಿಡಿಯುತ್ತಾನೆ. ತಾತನಿಗೆ ಶಿಳ್ಳೆ ಕೇಳಿಸುವುದಿಲ್ಲ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಗೇಟಿನಿಂದ ಆಫೀಸಿನವರೆಗೆ ಕರವಸ್ತ್ರವನ್ನು ಮೂಗಿನಿಂದ ತೆಗೆಯಲಿಲ್ಲ, ಕೂತ ಮೇಲೂ ತೆಗೆಯಲಿಲ್ಲ. ಮಾತು ಬಟ್ಟೆಯ ಹಿಂದಿನಿಂದಲೇ ಬರುತ್ತಿತ್ತು. ಇಂಜಿನಿಯರ್ ಪುಸ್ತಕದ ಆ ಗುರುವಾರದ ಪುಟ ತೆರೆದು ಮುಂದಿಟ್ಟ.

"ಈ ಅಕ್ಷರ ನಿಮ್ಮದಾ?"

"ನಂದೇ ಮೇಡಂ."

"ಗ್ಯಾಸ್ ಸೊನ್ನೆ ಅಂತಿದೆ. ಎಷ್ಟು ಗಂಟೆಗೆ ಅಳೆದ್ರಿ?"

"ಎಂಟಕ್ಕೆ ಮೇಡಂ" ಅಂದ ಇಂಜಿನಿಯರ್. "ದಿನಾ ಎಂಟಕ್ಕೇ. ನಮ್ಮಲ್ಲಿ ಅದೊಂದು ಶಿಸ್ತು."

"ಅವರು ಹೇಳ್ಲಿ."

ಜಾಡಿ ಪುಟ ನೋಡಿದ. ಎಷ್ಟು ಚೊಕ್ಕಟ ಪುಟ. ಒಂದು ಕಲೆಯಿಲ್ಲ. ಆವತ್ತು ಅವನ ಕೈ ಮೊಣಕೈವರೆಗೆ ಏನಾಗಿತ್ತು ಅಂತ ಅವನಿಗೆ ನೆನಪಿತ್ತು. ಭಾವನ ಬಾಯಿ ಒರೆಸಿದ ಕೈ. ಆ ಕೈಯಲ್ಲಿ ಈ ಪುಟ ಮುಟ್ಟಿದ್ದರೆ ಪುಟ ಹೀಗಿರುತ್ತಿತ್ತಾ?

"ಸೋಮವಾರ" ಅಂದ.

"ನಾನು ಕೇಳಿದ್ದು ಗುರುವಾರದ್ದು."

"ಗುರುವಾರದ್ದೇ ಮೇಡಂ. ಸೋಮವಾರ ಬರೆದಿದ್ದು."

ಇಂಜಿನಿಯರ್ ನಕ್ಕ. "ಪಾಪ, ಮನೇಲಿ ಸಾವಾಗಿದೆ ಮೇಡಂ. ತಲೆ ಸ್ಥಿಮಿತದಲ್ಲಿಲ್ಲ. ವಾರ ದಿನ ಎಲ್ಲ ಕಲಸಿಹೋಗಿದೆ."

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತು. ಅದು ಯಾವ ಕಡೆಗಾದರೂ ಚಲಿಸಬಹುದಿತ್ತು. ತಲೆ ಸ್ಥಿಮಿತದಲ್ಲಿಲ್ಲ ಅಂತ ಬರೆದುಕೊಂಡು ಎದ್ದರೆ ಅಲ್ಲಿಗೆ ಮುಗಿದೇಹೋಯಿತು. ಜಾಡಿಗೆ ಆಗ ಮೊನ್ನೆಯ ಸೋಮವಾರ ನೆನಪಾಯಿತು. ರಜೆ ಮುಗಿಸಿ ಕೆಲಸಕ್ಕೆ ಬಂದಿದ್ದ. ಬಂದವನೇ ಕೈ ತೊಳೆದು, ಕೂತು, ಬರೆದಿದ್ದ. ಭಾವನನ್ನು ನುಂಗಿದ ಅದೇ ಬಾವಿಗೆ ಮತ್ತೆ ಏಳು ಸೊನ್ನೆ. ಕೈ ತನ್ನ ಪಾಡಿಗೆ ತಾನು ಬರೆದಿತ್ತು. ಇಂಜಿನಿಯರನ ಕೈಯೂ ತನ್ನ ಪಾಡಿಗೆ ತಾನು ಸಹಿ ಹಾಕಿತ್ತು.

"ಇವತ್ತು ಯಾವ ವಾರ ಮೇಡಂ?"

"ಬುಧವಾರ. ಯಾಕೆ?"

ಜಾಡಿ ಎದ್ದು ಪುಸ್ತಕದ ಹಾಳೆಗಳನ್ನು ಮುಂದಕ್ಕೆ ತಿರುವುತ್ತಾ ಹೋದ. "ಇದು ಇವತ್ತಿಂದು." ಇನ್ನೊಂದು ತಿರುವಿದ. "ಇದು ನಾಳೆದು. ಇದು ಶುಕ್ರವಾರ, ನಾನು ಬಾವಿಗೆ ಇಳೀಬೇಕಾದ ದಿನ. ಗ್ಯಾಸು ಸೊನ್ನೆ. ಇದು ಶನಿವಾರ. ಇದು ಭಾನುವಾರ."

ಪಂಪು ಹದಿನೆಂಟು ಗಂಟೆ. ಜಾಡಿ ಮುನ್ನೂರು. ಗ್ಯಾಸು ಸೊನ್ನೆ. ಕೆಳಗೆ ಹಸಿರು ಸಹಿ, ಬಾಲ ಎಳೆದು, ಎರಡು ಚುಕ್ಕೆ ಇಟ್ಟು.

"ಭಾನುವಾರ ಇನ್ನೂ ಬಂದಿಲ್ಲ ಮೇಡಂ. ಸಾಹೇಬರು ಆಗಲೇ ನೋಡಿ ಸಹಿ ಹಾಕಿದ್ದಾರೆ."

ಅಧಿಕಾರಿ ಪುಟವನ್ನು ನೋಡಿದಳು. ಇಂಜಿನಿಯರನ ಜೇಬಿನಲ್ಲಿದ್ದ ಹಸಿರು ಪೆನ್ನನ್ನು ನೋಡಿದಳು. ಆಗ ಕರವಸ್ತ್ರ ಕೆಳಗಿಳಿಯಿತು.

"ಮೀಟರ್ ಎಲ್ಲಿದೆ?"

"ಅದು... ರಿಪೇರಿಗೆ..."

"ಬೀರುವಿನಲ್ಲಿದೆ ಮೇಡಂ" ಅಂದ ಜಾಡಿ. "ಮೇಲಿನ ಖಾನೆ."

ಹಳದಿ ಮೀಟರು ಹೊರಬಂತು. ಅವಳು ಗುಂಡಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಹೊರಗೆ ತಾತ ಯಾರಿಗೋ "ಒಳಗೇನು ನಡೀತಿದೆಯೋ ಏನೂ ಕೇಳಿಸ್ತಿಲ್ಲಪ್ಪಾ!" ಅಂತ ಗುಟ್ಟು ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು.

"ಸುಳ್ಳು ದಾಖಲೆ ಬರೆದಿದ್ದೀರಿ" ಅಂದಳು ಅಧಿಕಾರಿ ಜಾಡಿಗೆ. "ನಿಮ್ಮ ಕೆಲಸಾನೂ ಹೋಗಬಹುದು. ಗೊತ್ತಲ್ಲ?"

"ಗೊತ್ತು ಮೇಡಂ."

"ಮತ್ತೆ ಯಾಕೆ ತೋರಿಸಿದ್ರಿ?"

ಏನು ಹೇಳಬೇಕು ಅಂತ ಅವನು ನಿಜವಾಗಿಯೂ ಹುಡುಕಿದ. "ಅವನಿಗೆ ಎದೆ ಕಾಯಿಲೆ ಇರಲಿಲ್ಲ" ಅಂದ.

ಅವಳು ಪುಸ್ತಕ, ಮೀಟರು ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಬಾವಿಯ ಮುಚ್ಚಳಕ್ಕೆ ಬೀಗ ಹಾಕಿಸಿ, ಬೀಗದ ಮೇಲೆ ಸಹಿ ಮಾಡಿದ ಕಾಗದ ಅಂಟಿಸಿ, ತನ್ನ ಮಾತಿಲ್ಲದೆ ಯಾರೂ ಇಳಿಯಕೂಡದು ಅಂತ ಹೇಳಿ ಹೋದಳು. ಅವಳ ಗಾಡಿ ಗೇಟು ದಾಟುತ್ತಿದ್ದಂತೆ ಇಂಜಿನಿಯರ್ ವರಾಂಡಕ್ಕೆ ಬಂದ. ಕೂಗಾಡುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕೂಗಲಿಲ್ಲ.

"ನೀನೂ ಮುಳುಗಿದೆ, ನನ್ನನ್ನೂ ಮುಳುಗಿಸಿದೆ. ನಿಮ್ಮ ಭಾವನ ಮಾನಾನೂ ಕಳೆದೆಯಲ್ಲೋ. ಈ ಪದ್ಧತಿ ಶುರುಮಾಡಿದ್ದು ಅವನೇ ತಾನೇ?"

"ಅವನೇ ಸಾರ್. ನೀವು ಪುಸ್ತಕ ಎಸೆದ ಮಾರನೇ ದಿನ."

ಇಂಜಿನಿಯರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಧ್ಯಾಹ್ನ ಕೆಸರು ಅಳೆಯುವ ಹೊತ್ತಾಗಿತ್ತು. ಬರೆಯಲು ಪುಸ್ತಕವಿರಲಿಲ್ಲ. ಜಾಡಿ ಗಾಳಿ ತೊಟ್ಟಿಯಿಂದ ನೀರು ಮೊಗೆದು, ಗಾಜಿನ ಜಾಡಿ ತುಂಬಿ ಕಟ್ಟೆಯ ಮೇಲಿಟ್ಟು, ಎದುರು ಕುಕ್ಕರುಗಾಲಲ್ಲಿ ಕೂತ. ಅರ್ಧ ಗಂಟೆ ಪೂರ್ತಿ ಕೂತು ನೋಡಿ ಎಷ್ಟು ವರ್ಷವಾಗಿತ್ತೋ. ಸಾಮಾನ್ಯವಾಗಿ ಇಟ್ಟು ಹೋಗಿ, ಬಂದು ಚೆಲ್ಲುತ್ತಿದ್ದ. ಮುನ್ನೂರು ಅಂತ ಸೋಮವಾರವೇ ಬರೆದಾಗಿರುತ್ತಿತ್ತಲ್ಲ.

ಹತ್ತು ನಿಮಿಷ. ಕೆಸರು ಒಂದಾಗಿ ಕೂಡಿಕೊಳ್ಳಲಿಲ್ಲ. ಹತ್ತಿಯ ಹಾಗೆ ಬಿಡಿಬಿಡಿಯಾಗಿ ತೇಲುತ್ತಿತ್ತು. ಇಪ್ಪತ್ತು ನಿಮಿಷ. ತಾತ ಬಂದು ಪಕ್ಕ ನಿಂತ.

"ಏನೋ ಇದು, ಕೂರ್ತಾನೇ ಇಲ್ಲ?"

"ಇಲ್ಲ ತಾತ."

"ಎಷ್ಟು ದಿನದಿಂದ?"

"ಗೊತ್ತಿಲ್ಲ. ನಾನು ನೋಡೇ ಇಲ್ಲ."

ಅರ್ಧ ಗಂಟೆಗೆ ಐನೂರ ನಲವತ್ತು. ಜಾಡಿ ಎದ್ದು ಕೊನೆಯ ತೊಟ್ಟಿಯ ಕಡೆ ನಡೆದ. ಅಂಚಿನ ಗರಗಸದಂಥ ಹಲ್ಲುಗಳ ನಡುವೆ ತಿಳಿ ನೀರಿನ ಜೊತೆ ಕಂದು ಚೂರುಗಳು ಒಂದೊಂದಾಗಿ ಜಾರುತ್ತಿದ್ದವು. ಹೆಚ್ಚಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಹೆಚ್ಚಾಗುತ್ತಿತ್ತು. ಭಾವ ಜೀವ ಕೊಟ್ಟು ಗೇಟು ಮುಚ್ಚಿಟ್ಟ ನದಿಗೆ ಇವನು ಬರೀ ನೋಡದೆ ಇದ್ದು ಹೊಲಸು ಬಿಡುತ್ತಿದ್ದ.

ಅವನು ಕೆಸರು ಹೊರಹಾಕುವ ವಾಲ್ವಿನ ಚಕ್ರ ಹಿಡಿದು ತಿರುಗಿಸಿದ. ತುಕ್ಕು ಹಿಡಿದಿತ್ತು. ತಾತನೂ ಕೈ ಹಾಕಿದ. ಇಬ್ಬರೂ ಎಳೆದಾಗ ಕಿರ್ರೆಂದು ತಿರುಗಿ, ದಪ್ಪ ಕೆಸರು ಒಣಗಿಸುವ ಮರಳಿನ ಮಡಿಗಳ ಕಡೆ ಗುಡುಗುಡು ಹರಿಯಿತು. ಜಾಡಿ ಒಂದು ಸುಣ್ಣದ ಚೂರು ಹುಡುಕಿ ಪಂಪು ಮನೆಯ ಗೋಡೆಯ ಮೇಲೆ ಬರೆದ: ಬುಧವಾರ, ೫೪೦. ಪಕ್ಕದಲ್ಲಿ ಗ್ಯಾಸು ಅಂತ ಬರೆದು, ಮುಂದೆ ಏನೂ ಬರೆಯದೆ ಖಾಲಿ ಬಿಟ್ಟ. ಗೋಡೆಯ ಮೇಲೆ ಅವನ ಬೆರಳಿನ ಕಂದು ಗುರುತು ಉಳಿಯಿತು.

"ನಾಳೆ ನಾನು ಬರ್ತೀನೋ ಇಲ್ವೋ" ಅಂದ. "ಬರದಿದ್ರೆ ನೀನು ಅರ್ಧ ಗಂಟೆ ಕೂತು ನೋಡು ತಾತ."

"ಆಂ?"

"ಕೂತು ನೋಡು ಅಂದೆ!"

"ನೋಡ್ತೀನಿ ಬಿಡೋ! ಕಣ್ಣು ಚೆನ್ನಾಗೇ ಇದೆ!"

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಸ್ತಿಲಲ್ಲಿ ಕೂತಿದ್ದಳು. ಅವನು ನಿಂತುಕೊಂಡೇ ಹೇಳಿದ. ಸೋಮವಾರದ ಪದ್ಧತಿ ಹೇಳಿದ, ಮೀಟರಿನದ್ದು ಹೇಳಿದ, ಭಾನುವಾರದ ಪುಟ ಹೇಳಿದ. ಶಿಳ್ಳೆ ನಿಂತ ಮೇಲೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದದ್ದನ್ನೂ ಹೇಳಿದ. ಅದನ್ನು ಅಧಿಕಾರಿಯೂ ಕೇಳಿರಲಿಲ್ಲ. ದಿನಸಿ ಪಟ್ಟಿ ಓದಿದ ಹಾಗೆ ಓದಿಬಿಟ್ಟ.

"ಅಂದ್ರೆ ಆ ಸೊನ್ನೆ ಬರೆದಿದ್ದು ನೀವು."

"ಹೂಂ."

"ಇಳಿಯೋ ಮುಂಚೆ ಅಣ್ಣ ಅದನ್ನ ನೋಡಿದ್ನಾ?"

"ಇಲ್ಲ. ನೋಡಿದ್ರೂ ನಂಬ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಇಳಿದ."

ಅವಳು ಎದ್ದು ಒಳಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಬಂತು. ತಿಕ್ಕಿದ್ದನ್ನೇ ತಿಕ್ಕುತ್ತಿರಬೇಕು, ಬಹಳ ಹೊತ್ತು ಬಂತು. ಜಾಡಿ ಹೊರಗೇ ನಿಂತಿದ್ದ. ಒಳಗೆ ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಅವಳು ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿತ್ತು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನು ಎದೆ ಕಾಯಿಲೆ ಅಂತ ಬರೆಯಲ್ವಲ್ಲ?"

"ಬರೆಯಕ್ಕಾಗಲ್ಲ."

ಅವಳು ತಲೆಯಾಡಿಸಿದಳು. ಕ್ಷಮಿಸಿದಳು ಅಂತಲ್ಲ. ಕೇಳಿಸಿಕೊಂಡಳು, ಅಷ್ಟೇ. ಬಚ್ಚಲಿನ ಕಡೆ ಕೈ ತೋರಿಸಿದಳು.

"ನಾತ ಹೊಡೀತಿದ್ದೀರಿ. ಹೋಗಿ ಸ್ನಾನ ಮಾಡಿ."

ತಮಾಷೆಯ ದನಿಯಲ್ಲ ಅದು. ಜಾಡಿ ತೋಳನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡ. ಏನೂ ಇಲ್ಲ. ಇನ್ನೊಮ್ಮೆ ಎಳೆದುಕೊಂಡ. ಏನೂ ಇಲ್ಲ. ಅವಳು ಹೇಳಿದಳು ಅಂದ ಮೇಲೆ ಇರಲೇಬೇಕು. ಅಂಗಿ ಬಿಚ್ಚಿ ಹೊರಗೇ ಇಟ್ಟು ಒಳಗೆ ಹೋದ.